ಪಾಸ್ಕಲ್ ಸ್ಟುಡಿಯೊದ ಹಡಗು

ಬಂದರಿನಲ್ಲಿ, ಒಣಮೀನಿನ ಮಂಡಿಯ ಮಾಳಿಗೆ ಮೇಲೆ
ಪಾಸ್ಕಲ್ ಸ್ಟುಡಿಯೊ. ಅದರ ಗೋಡೆಯಲ್ಲಿ
ಹದಿನಾಲ್ಕು ಅಡಿ ಕೋರಾ ಬಟ್ಟೆಯ ಮೇಲೊಂದು ಹಡಗು:
ಎರಡು ಕರಿ ಚಿಮಣಿ, ಮೂರು ಅಂತಸ್ತಿಗೂ ಬಿಳಿ ಕಟಾಂಜನ,
ಹಿಂದುಗಡೆ, ಮನೆಯಷ್ಟೆತ್ತರದ
ಕೆಂಪು ಚಕ್ರ.

ಬರೆದವನು ಸೆರಪಿನ್ ರೆಬೆಲ್ಲೊ,
ನಾಟಕದ ಪರದೆಗಳಿಗೆ ಕಾಡು, ಅರಮನೆ, ಜೈಲು ಬರೆಯುವವ.
ಅಂಥ ಹಡಗು ಅವನು ಕಂಡದ್ದು
ಬಿಸ್ಕಿಟು ಡಬ್ಬಿಯ ಮುಚ್ಚಳದಲ್ಲಿ; ಮತ್ತೊಮ್ಮೆ
ಹಂಪನಕಟ್ಟೆಯ ಟಾಕೀಸಿನ ಮುಂದಿನ ಬೆಂಚಲ್ಲಿ ಕೂತು
ಕತ್ತು ಎತ್ತಿ, ಯಾವುದೋ ಇಂಗ್ಲಿಷು ಸಿನಿಮಾದಲ್ಲಿ.
ಜೂಜು, ಬ್ಯಾಂಜೊ, ತೋಳಿನೊಳಗೆ ಎಕ್ಕ ಅಡಗಿಸಿದ
ಬಿಳಿ ಟೊಪ್ಪಿಯವ.
'ಕತೆ ನೆನಪಿಲ್ಲ ಮಾರಾಯ,
ಚಕ್ರ ನೆನಪುಂಟು' ಎನ್ನುತ್ತಿದ್ದ.

ನಾನಾಗ ಬೆಳಕಿಗೆ ಛತ್ರಿ ಹಿಡಿಯುವ ಹುಡುಗ.
ಒಂದು ಬಾಚಣಿಗೆ, ಒಂದು ಪೌಡರು ಡಬ್ಬಿ, ಒಂದೇ ಕೋಟು
ಇಡೀ ಊರಿಗೆ. ಸಪೂರದವರಿಗೆ
ಬೆನ್ನ ಹಿಂದೆ ಬಟ್ಟೆಯ ಕ್ಲಿಪ್ಪು.

ಎಷ್ಟು ಜನ ಹತ್ತಿದರು ಆ ಹಡಗನ್ನು!
ಮದುವೆಯ ಮೂರನೇ ದಿನ ಉಳ್ಳಾಲದಿಂದ ಬಂದವರು,
ಕೂದಲಿಗೆ ಇನ್ನೂ ಮಲ್ಲಿಗೆ ಒಣಗಿರದೆ;
ಬಾಯಲ್ಲಿ ಸೀಟಿ ಕಚ್ಚಿಕೊಂಡೇ ನಿಂತ ಕಂಡಕ್ಟರು;
ಹುಲಿವೇಷದ ಬಣ್ಣ ತೊಳೆಯಲು ಒಪ್ಪದ ಒಬ್ಬ;
ಚೀಟಿ ಎತ್ತಿದ ಖುಷಿಗೆ, ಬೋಳಾರದ ಹಂಚಿನ ಕಾರ್ಖಾನೆಯ
ಐದು ಹೆಂಗಸರು, ಉಗುರಿನಲ್ಲಿ ಆವೆಮಣ್ಣು.
'ಗಾಳಿ ಬೀಸ್ತಾ ಉಂಟು ಅಂತ ಎಣಿಸಿ' ಅಂದರೆ ಪಾಸ್ಕಲ್ ಮಾಮ್
ಎಲ್ಲರೂ ಎಣಿಸುವರು.
ಕೆಲವರ ಸೆರಗು ಹಾರಿದ್ದೂ ಉಂಟು,
ಕಪ್ಪು ನೂಲಿನ ಈ ತುದಿಯಲ್ಲಿ ನಾನು.

ಒಂದು ದಿನ ಇದಿನಬ್ಬ ಬಂದ,
ಸುಲ್ತಾನ್ ಬತ್ತೇರಿ ಕಡವಿನ ದೋಣಿಯವ.
ಲೈಸೆನ್ಸಿಗೆ. ಮುಖ ಮಾತ್ರ ಸಾಕು.
ಆದರೆ ಕುರ್ಚಿಯಲ್ಲಿ ಕೂರಲಿಲ್ಲ.
ಕ್ಯಾಮರಾಕ್ಕೆ ಬೆನ್ನು ಹಾಕಿ ನಿಂತ, ಬಹಳ ಹೊತ್ತು,
ಅಳಿವೆಯ ಆಚೆ ಮೋಡ ನೋಡುವ ಹಾಗೆ.

'ಹೊಗೆ ಮುಂದಕ್ಕೆ ಹೋಗ್ತಾ ಉಂಟಲ್ಲ.
ನೊರೆ ಚಕ್ರದ ಹಿಂದೆ ಬೀಳ್ಬೇಕು,
ಇದು ಹಡಗಿನ ಹೊಟ್ಟೆಗೇ ಬಡೀತಾ ಉಂಟು.
ಪಾಸ್ಕಲರೇ,
ನಿಮ್ಮ ಹಡಗು ಹಿಂದಕ್ಕೆ ಹೋಗುದು.'

ಕೆಳಗೆ ಯಾರೋ ಬಂಗುಡೆಯ ಲೆಕ್ಕ ಕೂಗುತ್ತಿದ್ದರು.
ಎಂಟು ವರ್ಷ. ಅರ್ಧ ಊರಿನ ಆಲ್ಬಮ್ಮು.
ನಗುತ್ತ ನಿಂತ ಅಷ್ಟೂ ಮಂದಿ
ಹಿಮ್ಮುಖ ಹೋಗುತ್ತಿದ್ದರೇ?

ಸಂಜೆ ಸೆರಪಿನ್ ಬಂದ, ಟರ್ಪಂಟೈನ್ ಸೀಸೆ ಹಿಡಿದು,
ತುಸು ಕಳ್ಳಿನ ವಾಸನೆಯಲ್ಲಿ.
'ನೊರೆ ಅಳಿಸ್ತೇನೆ, ಹೊಗೆ ತಿರುಗಿಸ್ತೇನೆ, ಒಂದು ರಾತ್ರಿ ಕೆಲಸ.'
ಪಾಸ್ಕಲ್ ಮಾಮ್ ಗಡ್ಡ ತುರಿಸಿಕೊಂಡರು.
'ಇನ್ನು ಬರುವವರು ಮುಂದೆ ಹೋಗ್ತಾರೆ, ಸರಿ.
ಹೋದವರನ್ನು ಎಂತ ಮಾಡುದು?'

ಕೊನೆಗೆ ಹೊಗೆಯನ್ನು ಮುಟ್ಟಲಿಲ್ಲ ಅವನು.
ಮೇಲಂತಸ್ತಿನ ಕಿಟಕಿಯಲ್ಲಿ ಬೆರಳುದ್ದದ ಒಬ್ಬನನ್ನು ಬರೆದ,
ಕೈ ಚುಕ್ಕಾಣಿಯ ಮೇಲೆ, ಮುಖ ಪೂರ್ತಿ ಹಿಂದಕ್ಕೆ,
ಹೋಗುವ ದಾರಿ ನೋಡುತ್ತ.
ಗಡ್ಡ ಇದಿನಬ್ಬನದು.
ಮರುದಿನದಿಂದ ಯಾರ ಫೋಟೊದಲ್ಲೂ ಅವನು ಬೀಳಲಿಲ್ಲ:
ಸರಿಯಾಗಿ ಮದುಮಗನ ತಲೆಯ ಹಿಂದೆ ಬರುತ್ತಿದ್ದ.

ಅಲ್ಲೀಗ ಮೊಬೈಲ್ ಕವರಿನ ಅಂಗಡಿ.
ಬಟ್ಟೆ, ಒಂದು ಮಳೆಗಾಲ, ಧಕ್ಕೆಯಲ್ಲಿ
ಯಾರದೋ ಇಂಜಿನ್ನಿಗೆ ಹೊದಿಕೆಯಾಗಿದ್ದನ್ನು ಕಂಡವರುಂಟು.

ಮೊನ್ನೆ ಪಿಲಿಕುಳಕ್ಕೆ ಹೋಗಿದ್ದೆವು, ಜಲಜಾ ಮತ್ತು ನಾನು.
(ಚೀಟಿಯ ಐವರಲ್ಲಿ ಎಡದಿಂದ ಎರಡನೆಯವಳು.)
ಹಂಸದ ಕುತ್ತಿಗೆಯ ಪೆಡಲು ದೋಣಿ, ಅರ್ಧ ಗಂಟೆಗೆ ಟಿಕೇಟು.
ನಮ್ಮಿಬ್ಬರ ಮಧ್ಯೆ, ತಗಡಿನ ಮರೆಯಲ್ಲಿ
ಪುಟ್ಟ ಚಕ್ರವೊಂದು ನೀರನ್ನು ಕೈಯಿಂದ ಕೈಗೆ ದಾಟಿಸುತ್ತಿತ್ತು.
ಬಗ್ಗಿ ನೋಡಿದೆ: ಕೆಂಪಲ್ಲ, ಪಾಚಿ ಬಣ್ಣ.

ಜೊಂಡಿಗೆ ಮೂತಿ ಸಿಕ್ಕಿಕೊಂಡಿತು.
'ಹಿಂದಕ್ಕೆ ತುಳೀರಿ' ಅಂದಳು.
ತುಳಿದೆವು. ನೊರೆ
ನಮ್ಮ ಹೊಟ್ಟೆಯ ಕಡೆಗೇ ಬಂತು.
ಜಲಜಾ ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಳು,
ಒಂದು ಕೈ ನನ್ನ ಮೊಣಕಾಲ ಮೇಲೆ:
ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ.